ಮನೆಯ ಡಯಾಲಿಸಿಸ್‌ಗೆ ಕುಡಿಯುವ ನೀರು ಸಾಲದು

ಕಿಡ್ನಿ ಕೈಕೊಟ್ಟವರು ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಅಲೆಯುವ ಬದಲು ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವ ವ್ಯವಸ್ಥೆ ನಮ್ಮಲ್ಲೂ ನಿಧಾನವಾಗಿ ಬರುತ್ತಿದೆ. ಸೂಜಿ ಚುಚ್ಚುವುದು, ಯಂತ್ರ ನಡೆಸುವುದು, ರಕ್ತದೊತ್ತಡ ನೋಡುವುದು ಇವನ್ನೆಲ್ಲ ಮನೆಯವರು ಶ್ರದ್ಧೆಯಿಂದ ಕಲಿಯುತ್ತಾರೆ. ಮೂಲೆಯಲ್ಲಿ ನಿಂತಿರುವ ನೀರಿನ ಘಟಕದ ಕಡೆಗೆ ಮಾತ್ರ ಗಮನ ಕಡಿಮೆ. ‘ನಾವೆಲ್ಲ ಕುಡಿಯುವುದು ಇದೇ ನೀರಲ್ಲವೇ?’ ಎಂಬ ಧೈರ್ಯ. ಈ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ನಾವು ದಿನಕ್ಕೆ ಎರಡು ಮೂರು ಲೀಟರ್ ನೀರು ಕುಡಿಯುತ್ತೇವೆ. ಡಯಾಲಿಸಿಸ್ ದ್ರವ ನಿಮಿಷಕ್ಕೆ 500 ಮಿಲಿಲೀಟರ್‌ನಂತೆ ಹರಿದರೆ 4 ಗಂಟೆಯಲ್ಲಿ 120 ಲೀಟರ್ ಆಗುತ್ತದೆ. ಕುಡಿದ ನೀರು ಹೊಟ್ಟೆ, ಕರುಳು ದಾಟಿ ರಕ್ತ ಸೇರುತ್ತದೆ. ಬೇಡದ್ದನ್ನು ಕಿಡ್ನಿ ಹೊರಹಾಕುತ್ತದೆ. ಡಯಾಲಿಸಿಸ್‌ನಲ್ಲಿ ಈ 120 ಲೀಟರ್‌ಗೂ ರೋಗಿಯ ರಕ್ತಕ್ಕೂ ನಡುವೆ ಇರುವುದು ತೆಳ್ಳನೆಯ ಪೊರೆ ಮಾತ್ರ. ನೀರಿನಲ್ಲಿರುವುದು ಆ ಪೊರೆ ದಾಟಿ ರಕ್ತ ಸೇರಿದರೆ ಹೊರಹಾಕಲು ಕಿಡ್ನಿ ಇಲ್ಲ.

ವುಝೂ ಮಾಡುವ ನೀರನ್ನು ನಾವು ಬಣ್ಣ, ವಾಸನೆ, ರುಚಿ ನೋಡಿ ತೀರ್ಮಾನಿಸುತ್ತೇವೆ. ಅದಕ್ಕೆ ಆ ಅಳತೆ ಸರಿ. ಡಯಾಲಿಸಿಸ್ ನೀರಿನ ದೋಷ ಕಣ್ಣಿಗೂ ಮೂಗಿಗೂ ನಾಲಿಗೆಗೂ ಸಿಗುವಂಥದ್ದಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ, ಕ್ಲೋರಿನ್ ಹಾಕಿದ ನೀರಿನಲ್ಲಿ ರೋಗಾಣು ಬೆಳೆಯದಂತೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಡಯಾಲಿಸಿಸ್ ನೀರಿನಲ್ಲಿ ಒಟ್ಟು ಕ್ಲೋರಿನ್ 0.1 ಮಿಲಿಗ್ರಾಂ ಮೀರಬಾರದು. ಅಂದರೆ ಕುಡಿಯಲು ‘ಇರಲೇಬೇಕಾದಷ್ಟು’ ಕ್ಲೋರಿನ್ ರಕ್ತಕ್ಕೆ ‘ಇರಬಾರದಷ್ಟು’ ಆಗಿಬಿಡುತ್ತದೆ. ಕ್ಲೋರಿನ್, ಅದರಲ್ಲೂ ಕ್ಲೋರಮೈನ್, ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಬ್ರೆಜಿಲ್‌ನ ಕರುಆರು ನಗರದಲ್ಲಿ 1996ರಲ್ಲಿ ನಡೆದ ದುರಂತವನ್ನು ಡಯಾಲಿಸಿಸ್ ಕಲಿಸುವವರು ಇಂದಿಗೂ ಹೇಳುತ್ತಾರೆ. ಬರಗಾಲದಲ್ಲಿ ಅಲ್ಲಿನ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಜಲಾಶಯದಿಂದ ಟ್ಯಾಂಕರ್‌ನಲ್ಲಿ ನೀರು ಬರುತ್ತಿತ್ತು. ಜಲಾಶಯದ ಪಾಚಿಯಂಥ ಸೂಕ್ಷ್ಮಜೀವಿಗಳು ಬಿಟ್ಟ ವಿಷವನ್ನು ಕೇಂದ್ರದ ಶುದ್ಧೀಕರಣ ಘಟಕ ತಡೆಯಲಿಲ್ಲ. ಯಕೃತ್ತು ಹಾಳಾಗಿ 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ನಮ್ಮೂರುಗಳ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ನೀರಿನ ಮೂಲ ಬದಲಾದ ದಿನವೇ ಡಯಾಲಿಸಿಸ್ ಕೇಂದ್ರಕ್ಕೆ ತಿಳಿಸಬೇಕು.

ಘಟಕದಲ್ಲಿ ಸಾಮಾನ್ಯವಾಗಿ ಮಣ್ಣು ಮರಳು ಹಿಡಿಯುವ ಫಿಲ್ಟರ್, ಗಡಸುತನ ತೆಗೆಯುವ ಸಾಫ್ಟ್‌ನರ್, ಕ್ಲೋರಿನ್ ಹೀರುವ ಕಾರ್ಬನ್, ಕೊನೆಗೆ ಆರ್‌ಒ ಇರುತ್ತವೆ. ಮೊದಲನೆಯದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒತ್ತಡ ತೋರಿಸುವ ಮುಳ್ಳು ಇಳಿದರೆ ಬದಲಾಯಿಸಬೇಕು.

ಕಾರ್ಬನ್ ವಿಷಯ ಹಾಗಲ್ಲ. ಅದರ ಶಕ್ತಿ ಮುಗಿದಾಗ ಯಾವ ಗುರುತೂ ಕಾಣುವುದಿಲ್ಲ, ನೀರು ಮೊದಲಿನಂತೆಯೇ ಹರಿಯುತ್ತದೆ. ಆರ್‌ಒ ಇದೆಯಲ್ಲ ಎನ್ನುವಂತಿಲ್ಲ. ಕ್ಲೋರಮೈನ್ ಅದನ್ನು ದಾಟುತ್ತದೆ, ಕ್ಲೋರಿನ್ ಅದರ ಪೊರೆಯನ್ನೇ ಹಾಳುಮಾಡುತ್ತದೆ. ಆದ್ದರಿಂದ ಪ್ರತಿ ಸಲವೂ ಸೂಜಿ ಹಾಕುವ ಮೊದಲೇ ಪರೀಕ್ಷೆ ಆಗಬೇಕು. ಘಟಕವನ್ನು ಸುಮಾರು 15 ನಿಮಿಷ ಓಡಿಸಿ, ಎರಡು ಕಾರ್ಬನ್ ಟ್ಯಾಂಕ್ ಇದ್ದರೆ ಮೊದಲನೆಯದರ ನಂತರದ ನಲ್ಲಿಯಿಂದ ನೀರು ಹಿಡಿಯಿರಿ. ಅಲ್ಲಿ 0.1 ದಾಟಿದ್ದರೆ ಎರಡನೆಯದರ ನಂತರ ನೋಡಿ, ಕೇಂದ್ರಕ್ಕೆ ಫೋನ್ ಮಾಡಿ. ಎರಡನೆಯದರ ನಂತರವೂ ದಾಟಿದ್ದರೆ ಅಂದು ಮನೆಯಲ್ಲಿ ಡಯಾಲಿಸಿಸ್ ಇಲ್ಲ; ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಯ ಪಟ್ಟಿ ಡಯಾಲಿಸಿಸ್‌ಗೆಂದೇ ಮಾಡಿದ್ದಾಗಿರಲಿ. ಈಜುಕೊಳದ ಪಟ್ಟಿಗೆ ಇಷ್ಟು ಸಣ್ಣ ಪ್ರಮಾಣ ಗೊತ್ತಾಗುವುದಿಲ್ಲ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಕರಾವಳಿಯ ಮಳೆಗಾಲದ ತೇವಕ್ಕೆ ಪಟ್ಟಿಗಳೆಲ್ಲ ಕೆಡುತ್ತವೆ. ಬಣ್ಣ ಹೋಲಿಸುವುದು ಒಳ್ಳೆಯ ಬೆಳಕಿನಲ್ಲಿ, ಬಣ್ಣಗಳ ವ್ಯತ್ಯಾಸ ಸರಿಯಾಗಿ ಗೊತ್ತಾಗುವವರ ಕೆಲಸ. ಓದಿದ್ದನ್ನು ತಾರೀಖು ಸಮೇತ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಮನೆಯಲ್ಲಿ ಇದು ಒಬ್ಬರ ಜವಾಬ್ದಾರಿಯಾಗಿರಬೇಕು, ಇನ್ನೊಬ್ಬರು ಕಲಿತಿರಬೇಕು. ‘ಅಣ್ಣ ನೋಡಿರಬಹುದು, ಅತ್ತಿಗೆ ನೋಡಿರಬಹುದು’ ಎಂಬಲ್ಲೇ ಪರೀಕ್ಷೆ ತಪ್ಪುವುದು.

ಕ್ಲೋರಿನ್ ಇದ್ದಕ್ಕಿದ್ದಂತೆ ಏರುವ ಸಂದರ್ಭಗಳೂ ಗೊತ್ತಿರಲಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ನೆರೆ ಬಂದರೆ, ವಾಂತಿಭೇದಿ ಹರಡಿದರೆ ನಲ್ಲಿ ನೀರಿಗೂ ಹೆಚ್ಚು ಹಾಕುತ್ತಾರೆ. ನಿಮ್ಮ ಪಂಚಾಯತಿಯ ನೀರುಗಂಟಿಗೆ ಮನೆಯಲ್ಲಿ ಡಯಾಲಿಸಿಸ್ ನಡೆಯುತ್ತದೆಂದು ತಿಳಿಸಿ, ಮೊದಲೇ ಹೇಳುವಂತೆ ಕೇಳಿಕೊಳ್ಳಿ. ಹಬ್ಬಕ್ಕೆ ಮನೆ ತೊಳೆಯುವಾಗ ಮೇಲಿನ ಟ್ಯಾಂಕ್‌ಗೂ ಬ್ಲೀಚಿಂಗ್ ಹಾಕುವ ರೂಢಿ ಹಲವರಿಗಿದೆ. ಕೇಂದ್ರವನ್ನು ಕೇಳದೆ ಅದನ್ನು ಮಾಡಲೇಬೇಡಿ.

ಕೋಲಾರ, ಪಾವಗಡದ ಕಡೆಯ ಬೋರ್‌ವೆಲ್ ನೀರಿಗೆ ಗಡಸುತನ ಮತ್ತು ಫ್ಲೋರೈಡ್ ಎರಡರ ಕಾಟವೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ, ಡಯಾಲಿಸಿಸ್‌ಗೆ 0.2 ಅಷ್ಟೆ. ಅಲ್ಲಿ ಸಾಫ್ಟ್‌ನರ್ ಮತ್ತು ಆರ್‌ಒ ಮೇಲೆ ಹೊರೆ ಹೆಚ್ಚು. ಸಾಫ್ಟ್‌ನರ್ ಉಪ್ಪುನೀರಿನಿಂದ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ, ಸಾಮಾನ್ಯವಾಗಿ ರಾತ್ರಿ ಹೊತ್ತು ಗಡಿಯಾರಕ್ಕೆ ಹೊಂದಿಸಿರುತ್ತಾರೆ. ಕರೆಂಟ್ ಹೋದರೆ ಕೆಲವು ಘಟಕಗಳ ಗಡಿಯಾರವೂ ನಿಲ್ಲುತ್ತದೆ. ಐದು ಗಂಟೆ ಕರೆಂಟ್ ಇಲ್ಲದಿದ್ದರೆ ರಾತ್ರಿ ಎರಡರ ತೊಳೆತ ಬೆಳಗ್ಗೆ ಏಳಕ್ಕೆ, ಡಯಾಲಿಸಿಸ್ ನಡೆಯುವಾಗಲೇ, ಶುರುವಾಗಬಹುದು. ಕರೆಂಟ್ ಬಂದ ಕೂಡಲೇ ಮೊದಲು ಆ ಗಡಿಯಾರ ನೋಡಿ.

ಅಡುಗೆಮನೆಯ ಆರ್‌ಒ ಇದಕ್ಕೆ ಬದಲಿಯಲ್ಲ. ಅದರಲ್ಲಿ ರುಚಿಗೆಂದು ಖನಿಜ ಮತ್ತೆ ಸೇರಿಸುವುದುಂಟು, ನೀರು ಟ್ಯಾಂಕ್‌ನಲ್ಲಿ ನಿಂತಿರುತ್ತದೆ. ನೀರು ಕುದಿಸಿಯೂ ಪ್ರಯೋಜನವಿಲ್ಲ: ಖನಿಜ ಹೋಗುವುದಿಲ್ಲ, ಸತ್ತ ಬ್ಯಾಕ್ಟೀರಿಯಾಗಳ ವಿಷವೂ ಉಳಿಯುತ್ತದೆ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಪೈಪಿನ ಒಳಗೋಡೆಗೆ ಅಂಟಿ ಬೆಳೆಯುತ್ತವೆ. ಊರಿಗೆ ಹೋಗಿ ಬಂದು ಘಟಕವನ್ನು ಹಾಗೆಯೇ ಚಾಲೂ ಮಾಡಬಾರದು. ಕೇಂದ್ರ ಹೇಳಿದ ರೀತಿಯಲ್ಲಿ ಸೋಂಕು ನಿವಾರಣೆ ಮಾಡಿ, ಔಷಧದ ಅಂಶ ಉಳಿದಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಬಳಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯಕ್ಕೆ ನೀರು ಕಳಿಸುವ ದಿನವನ್ನು ತಪ್ಪಿಸಬೇಡಿ.

ಸಾಮಗ್ರಿಯ ಮಾತು. ವಾರಕ್ಕೆ ಮೂರು ಸಲವೆಂದರೆ ತಿಂಗಳಿಗೆ 13ರಷ್ಟು ಡಯಾಲಿಸಿಸ್. ಬಂದ್, ಮಳೆ, ಹಬ್ಬದ ರಜೆ ಎಂದು ಎರಡು ವಾರದ ದಾಸ್ತಾನು ಹೆಚ್ಚಿಗೆ ಇರಲಿ. ಡಯಾಲೈಸರ್, ಸೂಜಿ ಎಲ್ಲರಿಗೂ ನೆನಪಿರುತ್ತವೆ. ಕ್ಲೋರಿನ್ ಪಟ್ಟಿ, ಸಾಫ್ಟ್‌ನರ್‌ನ ಉಪ್ಪು, ಬಿಡಿ ಫಿಲ್ಟರ್ ಮರೆತುಹೋಗುತ್ತವೆ. ಪೆಟ್ಟಿಗೆಗಳನ್ನು ನೆಲಕ್ಕಿಡದೆ ಹಲಗೆಯ ಮೇಲಿಡಿ, ಹಳೆಯದು ಮುಂದಿರಲಿ.

ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ಗೆ ಈ ಘಟಕ ಬೇಡ, ದ್ರವ ಚೀಲದಲ್ಲೇ ಸಿದ್ಧವಾಗಿ ಬರುತ್ತದೆ. ಅಲ್ಲಿ ಅಪಾಯವಿರುವುದು ಕೈಯಲ್ಲಿ. ಈಗಷ್ಟೇ ವುಝೂ ಮಾಡಿದೆನೆಂದು ಚೀಲ ಮುಟ್ಟಬಾರದು. ಸೋಪಿನಿಂದ ತೊಳೆದು, ಪೂರ್ತಿ ಒರೆಸಿ ಒಣಗಿಸಿಯೇ ಮುಟ್ಟಬೇಕು. ಒದ್ದೆ ಕೈಯಿಂದ ಬ್ಯಾಕ್ಟೀರಿಯಾ ಸುಲಭವಾಗಿ ದಾಟುತ್ತದೆ.

ಯಂತ್ರದಲ್ಲಿರುವಾಗ ಚಳಿ ನಡುಕ, ಜ್ವರ ಬಂದರೆ ಬ್ಯಾಕ್ಟೀರಿಯಾದ ಶಂಕೆ. ವಾಂತಿ, ತಲೆನೋವಿನೊಂದಿಗೆ ರಕ್ತದೊತ್ತಡ ಏರಿದರೆ ಗಡಸು ನೀರಿನದು. ಉಸಿರು ಕಟ್ಟಿ, ಎದೆ ಬಿಗಿದು, ಕೊಳವೆಯ ರಕ್ತದ ಬಣ್ಣ ಬದಲಾದರೆ ರಕ್ತಕಣ ಒಡೆಯುತ್ತಿರಬಹುದು. ಕಲಿಸಿದಂತೆ ಯಂತ್ರ ನಿಲ್ಲಿಸಿ, ಕೊಳವೆಯಲ್ಲಿರುವ ರಕ್ತವನ್ನು ಮರಳಿ ದೇಹಕ್ಕೆ ಬಿಡದೆ ಮೊದಲು ಕೇಂದ್ರಕ್ಕೆ ಫೋನ್ ಮಾಡಿ. ಆ ಸಂಖ್ಯೆ ಗೋಡೆಯ ಮೇಲಿರಲಿ, ಮೊಬೈಲ್‌ನೊಳಗೆ ಮಾತ್ರ ಬೇಡ.

ಇನ್ನು, ಆರ್‌ಒ ಬಿಡುವ ನೀರು ಬಹಳ. ಅದನ್ನು ಬಕೆಟ್‌ಗಳಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು. ಡಯಾಲಿಸಿಸ್ ಯಂತ್ರದಿಂದ ಹೊರಬರುವ ದ್ರವ ಬೇರೆ. ಅದರಲ್ಲಿ ರೋಗಿಯ ದೇಹದ ಕಲ್ಮಶ ಇರುತ್ತದೆ, ಅದನ್ನು ಯಾವುದಕ್ಕೂ ಬಳಸದೆ ನೇರ ಚರಂಡಿ ಪೈಪಿಗೆ ಬಿಡಬೇಕು.