ಕಪ್ಪು-ಬಿಳುಪು ಛಾಯಾಚಿತ್ರ ಮತ್ತು ದಿನಬಳಕೆಯ ಕನ್ನಡ

ಉದ್ದೇಶ: ದೈನಂದಿನ ಬದುಕಿನ ಚಿತ್ರವನ್ನು ಗಮನವಿಟ್ಟು ನೋಡಿ, ಅದಕ್ಕೆ ಸರಿಯಾದ ಅಡಿಬರಹ ಬರೆಯಲು ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವುದು.

ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬದ ಚಿತ್ರಗಳು ದೀಪಾವಳಿಯ ವೇಳೆಗೆ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕಣ, ಹಿತ್ತಿಲು, ಹಟ್ಟಿಗಳ ಸಾಮಾನ್ಯ ದಿನವನ್ನು ಚಿತ್ರಿಸುವವರು ವಿರಳ. ಭಾಷೆಯ ಬಹುಪಾಲು ಪದಗಳು ಬಳಕೆಯಾಗುವುದು ಅಂತಹ ದಿನಗಳಲ್ಲಿಯೇ.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯರ ಸಾಮಾನ್ಯ ದಿನಗಳನ್ನೇ ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದವರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಪ್ರದರ್ಶನಗೊಂಡವು. ಬಣ್ಣವಿಲ್ಲದ ಚಿತ್ರದಲ್ಲಿ ನೋಟವು ನೆಳಲು-ಬೆಳಕು, ಮುಖಭಾವ, ಕೈಯ ಭಂಗಿಗಳ ಕಡೆಗೆ ಹರಿಯುತ್ತದೆ. ಪಾಠಕ್ಕೆ ಬೇಕಾದುದು ಈ ಗಮನವೇ.

ಉದಾಹರಣೆಗೆ, ಮೊರ ಹಿಡಿದ ಹೆಂಗಸಿನ ಚಿತ್ರವನ್ನು ತೆಗೆದುಕೊಳ್ಳೋಣ. ಮೊರವನ್ನೆತ್ತಿ ಗಾಳಿಗೆ ಕಾಳು ಸುರಿಸುವುದು ತೂರುವುದು. ಮೊರದಲ್ಲಿಯೇ ಕಾಳನ್ನು ಚಿಮ್ಮಿಸಿ ಹೊಟ್ಟು ಹಾರಿಸುವುದು ಕೇರುವುದು. ಮೊರವನ್ನು ಅತ್ತಿತ್ತ ಆಡಿಸಿ ಕಲ್ಲು, ನುಚ್ಚು ಬೇರ್ಪಡಿಸುವುದು ಒನೆಯುವುದು. ತೂರುವುದನ್ನು ಎತ್ತಿದ ಕೈಯಿಂದ ಗುರುತಿಸಬಹುದು. ಉಳಿದೆರಡರಲ್ಲಿ ಯಾವುದೆಂಬುದನ್ನು ಚಲನೆಯಿಲ್ಲದ ಚಿತ್ರ ಹೇಳಲಾರದು. ಕೆಲಸ ಬಲ್ಲವರು ಹೇಳಬೇಕು. ಒಕ್ಕಣೆಯ ಯಂತ್ರ ಬಂದ ಊರುಗಳಲ್ಲಿ ಕೆಲಸದೊಡನೆ ಕ್ರಿಯಾಪದವೂ ಮರೆಯಾಗುತ್ತದೆ. ಆಡಳಿತ ಭಾಷೆ ತಮಿಳಾಗಿರುವ ಈರೋಡು ಜಿಲ್ಲೆಯಲ್ಲಿ ನಮ್ಮ ಮಕ್ಕಳಿಗೆ ಇಂತಹ ಪದಗಳು ದೊರೆಯುವುದು ಹೆಚ್ಚಾಗಿ ಮನೆಯ ಹಿರಿಯರಿಂದಲೇ.

ಚಟುವಟಿಕೆ:

1. ಹಿರಿಯರ ಅನುಮತಿ ಪಡೆದು, ಅವರು ಕೆಲಸದಲ್ಲಿ ತೊಡಗಿರುವಾಗಲೇ ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪು-ಬಿಳುಪಿಗೆ ಪರಿವರ್ತಿಸಿರಿ. ಭಂಗಿ ಕೊಡಲು ಹೇಳಬಾರದು.

2. ವಿದ್ಯಾರ್ಥಿಗಳು ಐದು ನಿಮಿಷ ಚಿತ್ರವನ್ನು ನೋಡಿ, ಕಣ್ಣಿಗೆ ಕಂಡುದನ್ನು ಮಾತ್ರ ಮೂರು ವಾಕ್ಯಗಳಲ್ಲಿ ಬರೆಯಲಿ.

3. ಚಿತ್ರವನ್ನು ಅದೇ ಹಿರಿಯರಿಗೆ ತೋರಿಸಿ, ಉಪಕರಣದ ಹೆಸರನ್ನೂ ಕೆಲಸದ ಕ್ರಿಯಾಪದವನ್ನೂ ಕೇಳಿ ಬರೆದುಕೊಳ್ಳಲಿ. ಸೋಲಿಗರ ಮನೆಯ ಮಾತು ಪಠ್ಯದ ಕನ್ನಡಕ್ಕಿಂತ ಭಿನ್ನವಾಗಿದ್ದರೆ ಅದನ್ನು ತಿದ್ದದೆ ಹಾಗೆಯೇ ದಾಖಲಿಸಲಿ.

4. ಊರು, ತಿಂಗಳು, ಕೆಲಸ ಹಾಗೂ ಒಪ್ಪಿಗೆಯಿದ್ದಲ್ಲಿ ಹೆಸರು, ಇವಿಷ್ಟನ್ನು ಸೇರಿಸಿ ಅಡಿಬರಹ ರಚಿಸಲಿ.

ಮೌಲ್ಯಮಾಪನ: ಕಂಡುದಕ್ಕೂ ಕೇಳಿ ತಿಳಿದುದಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿ ಅರಿತಿರುವನೇ ಅಥವಾ ಅರಿತಿರುವಳೇ ಎಂಬುದನ್ನು ಗಮನಿಸಿರಿ. ಅಕ್ಷರದೋಷಗಳನ್ನು ಬಳಿಕ ತಿದ್ದಬಹುದು.

ಅಡಿಬರಹವಿಲ್ಲದ ಚಿತ್ರದಲ್ಲಿ ಇಂದಿನ ಅಜ್ಜಿ ಮುಂದಿನ ತಲೆಮಾರಿಗೆ ಯಾರೋ ಒಬ್ಬ ಹೆಂಗಸಾಗಿ ಉಳಿಯುತ್ತಾರೆ, ಕೈಯಲ್ಲಿನ ಮೊರ ಯಾವುದೋ ಒಂದು ವಸ್ತುವಾಗುತ್ತದೆ. ಆದುದರಿಂದ ಚಿತ್ರಗಳನ್ನು ಅಡಿಬರಹಸಹಿತ ಶಾಲೆಯ ಗ್ರಂಥಾಲಯದಲ್ಲಿ ಕಾದಿರಿಸಿರಿ.