‘ಹುಳ’ ಎಂದರೆ ಹಾವೇ?

ಮಕ್ಕಳೇ, ರಾತ್ರಿ ಹೊತ್ತು ನೀವು ‘ಹಾವು’ ಎಂದೊಡನೆ ಅಜ್ಜಿ, “ಶ್! ಹುಳ ಅನ್ನು” ಎಂದು ಗದರಿಸಿದ್ದುಂಟೇ? ನಮ್ಮ ಅನೇಕ ಹಳ್ಳಿಗಳಲ್ಲಿ ಹಾವನ್ನು ‘ಹುಳ’ ಎನ್ನುವುದು ರೂಢಿ. ಕಚ್ಚಿದರೂ ‘ಹುಳ ಮುಟ್ಟಿತು’ ಎನ್ನುತ್ತಾರೆಯೇ ಹೊರತು ಹಾವು ಕಚ್ಚಿತು ಎನ್ನುವುದಿಲ್ಲ. ಹೆಸರು ಹೇಳಿದರೆ ಅದು ಬಂದೇಬಿಡುತ್ತದೆ ಎಂಬ ಭಯ! ಇಂಥ ಭಯ ನಮ್ಮಲ್ಲಷ್ಟೇ ಅಲ್ಲ. ರಷ್ಯನ್ ಭಾಷೆಯಲ್ಲಿ ಕರಡಿಯ ಹೆಸರಿಗೆ ‘ಜೇನು ತಿನ್ನುವುದು’ ಎಂಬ ಮೂಲಾರ್ಥವಿದೆ.

ಹಾವಿಗೆ ಹೊರಕಿವಿ ಇಲ್ಲ, ಒಳಕಿವಿ ಇದೆ. ನೆಲದ ಅದುರುವಿಕೆಯನ್ನೂ ಗಾಳಿಯಲ್ಲಿ ಬರುವ ಕೆಲವು ಶಬ್ದಗಳನ್ನೂ ಅದು ಗ್ರಹಿಸಬಲ್ಲದು. ಆದರೆ ನಾವಿಟ್ಟ ಹೆಸರು ಅದಕ್ಕೆ ಹೇಗೆ ತಿಳಿಯಬೇಕು?

‘ಹುಳು’ ಬಹಳ ಹಳೆಯ ಪದ. ಹಳಗನ್ನಡದಲ್ಲಿ ಇದು ‘ಪ’ಕಾರದಿಂದ ಆರಂಭವಾಗುತ್ತಿತ್ತು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಾವು ಹಾವಾದಂತೆ ಇದೂ ಬದಲಾಯಿತು. ತಮಿಳು, ಮಲಯಾಳಂಗಳಲ್ಲಿ ಇಂದಿಗೂ ‘ಪ’ಕಾರವೇ ಉಳಿದಿದೆ.

ಆಡುಮಾತಿನಲ್ಲಿ ಹುಳು ಎಂದರೆ ಏನೆಲ್ಲಾ ಸೇರುತ್ತದೆ ನೋಡಿ. ಎರೆಹುಳು ನಿಜವಾಗಿ ಹುಳು. ರೇಷ್ಮೆಹುಳು ಒಂದು ಪತಂಗದ ಮರಿ. ಮಿಂಚುಹುಳು ಜೀರುಂಡೆಗಳ ಬಳಗದ್ದು. ಈ ಮೂರಕ್ಕೂ ಬೆನ್ನುಮೂಳೆ ಇಲ್ಲ. ಹಾವಿಗೋ, ಇನ್ನೂರಕ್ಕೂ ಹೆಚ್ಚು ಬೆನ್ನೆಲುಬುಗಳಿರಬಹುದು! ಅದು ಹಲ್ಲಿ, ಓತಿಕ್ಯಾತಗಳಂತೆ ಸರೀಸೃಪ.

ಮನೆಯಲ್ಲಿ ಅಜ್ಜಿಯ ಮಾತು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಆಸ್ಪತ್ರೆಯಲ್ಲಿ ‘ಹುಳ ಮುಟ್ಟಿದೆ’ ಎಂದರೆ, ಹೊಸಬರಾದ ವೈದ್ಯರು ಯಾವುದೋ ಕೀಟ ಎಂದುಕೊಳ್ಳಬಹುದು. ಇನ್ನೊಂದು ತೊಂದರೆಯೂ ಇದೆ. ಹೊಳೆಯುವ ಕಪ್ಪು ಮೈಯ ಮೇಲೆ ತೆಳುವಾದ ಬಿಳಿ ಪಟ್ಟಿಗಳಿರುವ ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಅಷ್ಟಾಗಿ ಇರುವುದಿಲ್ಲ. ‘ಏನೋ ಹುಳ ಕಚ್ಚಿರಬೇಕು’ ಎಂದು ಮತ್ತೆ ಮಲಗಿಬಿಡುತ್ತಾರೆ. ಕೆಲವು ಗಂಟೆಗಳಲ್ಲಿ ರೆಪ್ಪೆಗಳು ಜೋತುಬಿದ್ದು, ಉಸಿರಾಟವೇ ಕಷ್ಟವಾಗುತ್ತದೆ. ಇಲ್ಲಿ ‘ಹುಳ’ ಎಂಬುದು ಅಡ್ಡಹೆಸರಲ್ಲ, ನಿಜವಾದ ತಪ್ಪು ತಿಳಿವಳಿಕೆ.

ಆದ್ದರಿಂದ ಅನುಮಾನ ಬಂದರೂ ಸಾಕು, ‘ಹಾವು ಕಚ್ಚಿರಬಹುದು’ ಎಂದೇ ಹೇಳಿ. ಗಾಯವನ್ನು ಕೊಯ್ಯಬಾರದು, ಹಗ್ಗದಿಂದ ಬಿಗಿಯಬಾರದು. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವಿದೆ. ಹಾವನ್ನು ಹಿಡಿದು ತರಬೇಕಾಗಿಲ್ಲ! 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು.

ನಿಮ್ಮ ಊರಿನಲ್ಲಿ ಹಾವಿಗೆ ಬೇರೆ ಯಾವ ಹೆಸರುಗಳಿವೆ? ಹಿರಿಯರನ್ನು ಕೇಳಿ, ಪಟ್ಟಿ ಮಾಡಿ ತರಗತಿಯಲ್ಲಿ ಓದಿ.