ಯಾತ್ರೆಯಲ್ಲಿ ಶಯ್ಯಾಶುದ್ಧಿ: ತಿಗಣೆಯ ವಿಷಯದಲ್ಲಿ ಶ್ರಾವಕನ ಎಚ್ಚರ

ತೀರ್ಥಯಾತ್ರೆಗೆ ಹೊರಡುವ ಶ್ರಾವಕನು ಆಹಾರಶುದ್ಧಿಯ ವಿಷಯದಲ್ಲಿ ಬಹಳ ಎಚ್ಚರ ವಹಿಸುತ್ತಾನೆ. ನೀರು ಸೋಸುವ ಬಟ್ಟೆಯನ್ನು ಮರೆಯದೆ ಕಟ್ಟಿಕೊಳ್ಳುತ್ತಾನೆ. ಸೂರ್ಯಾಸ್ತಕ್ಕೆ ಮೊದಲೇ ಭೋಜನ ಮುಗಿಯುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳುತ್ತಾನೆ. ಆದರೆ ರಾತ್ರಿ ಮಲಗುವ ಸ್ಥಳದ ಶುದ್ಧಿಯನ್ನು ಕುರಿತು ಯೋಚಿಸುವವರು ವಿರಳ. ವಸತಿಗೃಹದ ಹಾಸಿಗೆಯಲ್ಲಿ ತಿಗಣೆ ಕಚ್ಚಿದರೆ ಅರೆನಿದ್ರೆಯಲ್ಲಿಯೇ ಕೈ ಅದನ್ನು ಹೊಸಕಿಬಿಡುತ್ತದೆ. ಬೆರಳಿಗೆ ಅಂಟಿದ ರಕ್ತ ನಮ್ಮದೇ ಆಗಿರಬಹುದು. ಹೋದ ಪ್ರಾಣ ಮಾತ್ರ ನಮ್ಮದಲ್ಲ. ಬೆಳಗಾದರೆ ಅದೇ ಕೈಯಿಂದ ಅರ್ಘ್ಯವನ್ನು ಎತ್ತಬೇಕಾಗಿದೆ. ಈ ದೋಷವನ್ನು ತಪ್ಪಿಸುವ ಬಗೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

ಶಾಸ್ತ್ರದೃಷ್ಟಿ

ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಹೇನು, ಇರುವೆಗಳೊಡನೆ ತಿಗಣೆಯನ್ನೂ ತ್ರೀಂದ್ರಿಯ ಜೀವಗಳಲ್ಲಿ ಎಣಿಸಿದ್ದಾರೆ. ಸ್ಪರ್ಶ, ರಸ, ಗಂಧ ಎಂಬ ಮೂರು ಇಂದ್ರಿಯಗಳು, ಕಾಯಬಲ, ವಚನಬಲ, ಆಯು, ಶ್ವಾಸೋಚ್ಛ್ವಾಸ ಹೀಗೆ ಏಳು ಪ್ರಾಣಗಳು ಅದಕ್ಕುಂಟು. ಅದು ತ್ರಸಜೀವ. ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಅಹಿಂಸಾಣುವ್ರತಿಯು ತ್ಯಜಿಸಿರುತ್ತಾನೆ. ಆದುದರಿಂದ ಇದನ್ನು ಅಲ್ಪವೆಂದು ಎಣಿಸುವಂತಿಲ್ಲ.

ಪ್ರೋಷಧೋಪವಾಸ ಮಾಡುವವರಿಗಂತೂ ಈ ವಿಷಯ ಇನ್ನೂ ಹತ್ತಿರದ್ದು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಆ ವ್ರತದ 5 ಅತಿಚಾರಗಳನ್ನು ಹೇಳಿದೆ. ನೋಡದೆ, ಗುಡಿಸಿ ಶುದ್ಧಮಾಡದೆ ಹಾಸಿಗೆಯನ್ನು ಹಾಸುವುದು ಅವುಗಳಲ್ಲಿ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇದನ್ನೇ ಹೇಳಿದ್ದಾರೆ. ಅಷ್ಟಮಿಯೋ ಚತುರ್ದಶಿಯೋ ಯಾತ್ರೆಯ ನಡುವೆ ಬಂದಾಗ, ಅನ್ನವನ್ನು ಬಿಟ್ಟವನು ಹಾಸಿಗೆಯನ್ನು ನೋಡದೆ ಮಲಗಿದರೆ ಉಪವಾಸಕ್ಕೆ ಅಲ್ಲಿಯೇ ಕಲೆ ತಗಲಿತು. ಪ್ರಮಾದವೇ ಹಿಂಸೆಯ ಬಾಗಿಲು.

ತಿಗಣೆಯ ಸ್ವಭಾವ

ಜೀವವನ್ನು ಕಾಯಬೇಕಾದರೆ ಅದರ ನಡೆಯನ್ನು ಅರಿತಿರಬೇಕು. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರು ಉದ್ದ, ಚಪ್ಪಟೆ, ಕಂದುಗೆಂಪು. ಅದು ಹಾರಲಾರದು, ನೆಗೆಯಲಾರದು, ಹರಿದೇ ಹೋಗಬೇಕು. ಹಗಲಿನಲ್ಲಿ ಹಾಸಿಗೆಯ ಹೊಲಿಗೆ, ಮಂಚದ ಸಂದು, ಗೋಡೆಯ ಬಿರುಕುಗಳಲ್ಲಿ ಅಡಗಿರುತ್ತದೆ. ರಾತ್ರಿ ಮನುಷ್ಯನ ಉಸಿರು ಮತ್ತು ಮೈಬಿಸಿಯ ಜಾಡು ಹಿಡಿದು ಬರುತ್ತದೆ. ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು. ಆದುದರಿಂದ ಬಹುದಿನ ಬೀಗ ಹಾಕಿದ್ದ ಕೋಣೆಯೆಂದು ನಂಬಿ ಕೂಡದು. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಕೊಳೆಯಿರುವ ಮನೆಯಲ್ಲಿ ಮಾತ್ರ ತಿಗಣೆಯಿರುತ್ತದೆಂಬುದು ತಪ್ಪು ಕಲ್ಪನೆ. ಜನರು ಬಂದುಹೋಗುವ ಯಾವ ಸ್ಥಳಕ್ಕಾದರೂ ಅದು ಸಾಮಾನಿನೊಡನೆ ಬರುತ್ತದೆ.

2017ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಗೆದ ಬಟ್ಟೆಯ ಚೀಲಗಳಿಗಿಂತ ಉಟ್ಟುಬಿಟ್ಟ ಬಟ್ಟೆಯ ಚೀಲಗಳ ಕಡೆಗೆ ತಿಗಣೆಗಳು ಹೆಚ್ಚಾಗಿ ಸೇರಿದುವು. ಶಾಸ್ತ್ರವು ಅದಕ್ಕೆ ಹೇಳಿದ ಘ್ರಾಣೇಂದ್ರಿಯವನ್ನು ಇಲ್ಲಿ ನೆನೆಯಬಹುದು.

ಪಾಲಿಸತಕ್ಕ ಕ್ರಮ

1. ಹಗಲಿರುವಾಗಲೇ ವಸತಿಯನ್ನು ಸೇರಬೇಕು. ರಾತ್ರಿಭೋಜನ ತ್ಯಾಗಿಗೆ ಇದು ಕಷ್ಟವಲ್ಲ.

2. ಸಾಮಾನನ್ನು ಹಾಸಿಗೆಯ ಮೇಲೆ ಇಡುವ ಮೊದಲು ಹೊದಿಕೆಯನ್ನು ಎತ್ತಿ ಹೊಲಿಗೆ, ಮೂಲೆ, ದಿಂಬಿನ ಅಂಚು, ಮಂಚದ ಸಂದುಗಳನ್ನು ದೀಪ ಹಿಡಿದು ನೋಡಬೇಕು. ಕಪ್ಪು ಚುಕ್ಕೆಗಳು, ಕಳಚಿದ ಪೊರೆ, ಎಳ್ಳಿಗಿಂತ ಸಣ್ಣ ಬಿಳಿಯ ಮೊಟ್ಟೆಗಳು ಅದರ ಗುರುತು.

3. ಗಂಟುಮೂಟೆಗಳನ್ನು ಗೋಡೆಗೆ ತಾಗದಂತೆ, ಮಂಚದಿಂದ ದೂರದಲ್ಲಿ ಇಡಬೇಕು. ಉಟ್ಟುಬಿಟ್ಟ ಬಟ್ಟೆಯನ್ನು ನೆಲದ ಮೇಲೆ ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಕು.

4. ಒಗೆದ ಬಿಳಿಯ ಹಾಸನ್ನು ಮನೆಯಿಂದಲೇ ಒಯ್ಯುವುದು ಉತ್ತಮ. ಬಿಳುಪಿನ ಮೇಲೆ ಜೀವ ಬೇಗ ಕಾಣುತ್ತದೆ. ಚಾಪೆಯ ಹೆಣಿಗೆಯಲ್ಲಿಯೂ ಅದು ಅಡಗಬಹುದು; ಅದನ್ನೂ ನೋಡಿಯೇ ಹಾಸಬೇಕು.

ಕಂಡುಬಂದರೆ ಮಾಡುವುದೇನು? ಹೊಸಕಬಾರದು, ಬಿಸಿನೀರು ಹೊಯ್ಯಬಾರದು, ಪಕ್ಕದವರ ಹಾಸಿಗೆಯ ಕಡೆಗೆ ಕೊಡವಲೂ ಬಾರದು. ಅದನ್ನು ಅದರ ನೆಲೆಯಲ್ಲಿಯೇ ಬಿಟ್ಟು ನಾವು ಬೇರೆ ಸ್ಥಳಕ್ಕೆ ಹೋಗಬೇಕು. ವ್ಯವಸ್ಥಾಪಕರಿಗೆ ಶಾಂತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಮುಂದೆ ಬರುವ ಯಾತ್ರಿಕನಿಂದ ಆಗುವ ಹಿಂಸೆಗೆ ನಮ್ಮ ಮೌನವೂ ಕಾರಣವಾಗುತ್ತದೆ. ಮೈಮೇಲೆ ಹರಿಯುತ್ತಿದ್ದರೆ ಮೆತ್ತನೆಯ ಬಟ್ಟೆಯಿಂದ ಮೆಲ್ಲನೆ ಸರಿಸಬೇಕು.

ಮನೆಗೆ ಮರಳಿದಾಗ

ಹೊರಡುವ ಬೆಳಿಗ್ಗೆ ಪ್ರತಿಯೊಂದು ವಸ್ತುವನ್ನೂ ನೋಡಿ ಕಟ್ಟಬೇಕು. ಮನೆಯಲ್ಲಿ ಗಂಟನ್ನು ಒಳಕೋಣೆಗೆ ಒಯ್ಯದೆ ಅಂಗಳದಲ್ಲಿ ಬಿಳಿಯ ಬಟ್ಟೆಯ ಮೇಲೆ ಬಿಚ್ಚಬೇಕು. ಜೀವವಿಲ್ಲವೆಂದು ಕಂಡ ಮೇಲೆಯೇ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು.

ಈ ಶ್ರಮವೆಲ್ಲ ಏಕೆಂದು ಕೇಳಬಹುದು. ಒಂದು ತಿಗಣೆ ಮನೆ ಹೊಕ್ಕು ಸಂತತಿ ಬೆಳೆದರೆ ಗೃಹಸ್ಥನು ಇಕ್ಕಟ್ಟಿಗೆ ಸಿಲುಕುತ್ತಾನೆ. ಬಿಟ್ಟರೆ ಮಕ್ಕಳಿಗೆ, ವೃದ್ಧರಿಗೆ ನಿದ್ರೆಯಿಲ್ಲ. ತೆಗೆದರೆ ನೂರಾರು ಜೀವಗಳ ಘಾತ. ಡಿ.ಡಿ.ಟಿ. ಮೊದಲಾದ ವಿಷಗಳನ್ನು ತಡೆದುಕೊಳ್ಳುವ ಶಕ್ತಿಯನ್ನು ಅನೇಕ ಕಡೆ ತಿಗಣೆಗಳು ಪಡೆದಿವೆ. ಆದುದರಿಂದ ವಿಷದಿಂದಲೂ ಕೆಲಸ ಪೂರ್ಣವಾಗುವುದಿಲ್ಲ, ಪಾಪ ಮಾತ್ರ ಉಳಿಯುತ್ತದೆ. ಅಂಥ ಸ್ಥಿತಿ ಬಂದೇ ಬಿಟ್ಟಿದ್ದರೆ, ಅದು ಹಿಂಸೆಯೇ ಅಲ್ಲವೆಂದು ಮನಸ್ಸನ್ನು ಸಂತೈಸಿಕೊಳ್ಳಬಾರದು. ಸಂಖ್ಯೆ ಬೆಳೆಯುವ ಮೊದಲೇ, ತಿಳಿದವರ ಸಲಹೆಯಂತೆ ಆದಷ್ಟು ಅಲ್ಪ ಘಾತವಾಗುವ ಹಾಗೆ ನಡೆದು, ಗುರುಗಳ ಮುಂದೆ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ಕೇಳಬೇಕು. ಮೊದಲ ದಿನದ ಕ್ಷಣಕಾಲದ ನೋಟವೇ ಈ ಎಲ್ಲ ದೋಷಕ್ಕೂ ತಡೆ.

ಅಭ್ಯಾಸಕ್ಕೆ

1. ತಿಗಣೆಗೆ ಎಷ್ಟು ಇಂದ್ರಿಯಗಳು, ಎಷ್ಟು ಪ್ರಾಣಗಳು?
2. ನೋಡದೆ ಹಾಸಿಗೆ ಹಾಸುವುದು ಯಾವ ವ್ರತದ ಅತಿಚಾರ?
3. ತಿಗಣೆ ಕಂಡುದನ್ನು ವ್ಯವಸ್ಥಾಪಕರಿಗೆ ತಿಳಿಸದಿದ್ದರೆ ದೋಷವೇನು? ಮನೆಯ ಮಕ್ಕಳೊಡನೆ ವಿಚಾರಿಸಿರಿ.